ಬದುಕಿದ್ದ ತಾಯಿಯ ಹೆಸರಲ್ಲಿ ಕೇಳಿದ ವಾಯಿದೆ

ನಾಗರತ್ನ ಅವರೇ, ನನ್ನ ತಾಯಿ ಸತ್ತಿರಲಿಲ್ಲ. ನಿಮ್ಮ ಮೊಕದ್ದಮೆಯನ್ನು ಮುಂದೂಡಿಸಲು ನಾನೇ ಅವಳನ್ನು ಬಾಯಲ್ಲಿ ಕೊಂದೆ. ಇದು ನಿಮಗೆ ಗೊತ್ತು — ನಾನು ಒಪ್ಪಿಕೊಳ್ಳುತ್ತಿರುವುದು ಮಾತ್ರ ಇವತ್ತು.

ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಗೋದಾಮಿನ ಬಟ್ಟೆ ಕದ್ದಿರಿ ಎಂದು ಹೊರಿಸಿ ನಿಮ್ಮನ್ನು ಕೆಲಸದಿಂದ ತೆಗೆದೆವಲ್ಲ — ಆ ಬಟ್ಟೆಯ ಥಾನುಗಳು ಮರುತಿಂಗಳೇ ಕೆ.ಆರ್. ಪುರದ ನಮ್ಮ ಇನ್ನೊಂದು ಗೋದಾಮಿನಲ್ಲಿ ಸಿಕ್ಕವು. ನೋಡಿದವನು ನಾನೇ. ನೋಡಿಯೂ ಕಂಪನಿಯ ಪರ ಸಾಕ್ಷಿಯಾಗಲು ಒಪ್ಪಿದೆ. ಮ್ಯಾನೇಜರ್ ಕುರ್ಚಿ ಬಿಡಲು ಮನಸ್ಸಿರಲಿಲ್ಲ, ಅಷ್ಟೆ. ನೀವು ದಾವೆ ಹೂಡಿ ಕೇಳಿದ್ದು ಒಂದೇ — ಕಳ್ಳಿ ಅನ್ನುವ ಮಾತು ಅಳಿಯಬೇಕು. ಆ ಮಾತು ಇರುವ ತನಕ ನಿಮಗೆ ಯಾರೂ ಬೇರೆ ಕೆಲಸ ಕೊಡುವುದಿಲ್ಲ ಎಂದು ನನಗೂ ಗೊತ್ತಿತ್ತು. ನಿಮ್ಮ ಬಗ್ಗೆ ವಿಚಾರಿಸಿ ಬೇರೆ ಕಂಪನಿಗಳಿಂದ ಬಂದ ಫೋನುಗಳಿಗೆ ಉತ್ತರ ಕೊಟ್ಟವನೂ ನಾನೇ.

ಪಾಟೀಸವಾಲಿಗೆ ನಿಂತರೆ ನಿಜ ಹೊರಬೀಳುತ್ತದೆ ಎಂಬ ಭಯ. ವಾಯಿದೆ ಕೇಳಲು ಒಂದು ಸಲ ನನಗೆ ಕಾಮಾಲೆ ಅಂದೆ, ಇನ್ನೊಂದು ಸಲ ಕಾಲು ಮುರಿದಿದೆ ಅಂದೆ. ಕಾಮಾಲೆಯ ದಿನ ರಸೆಲ್ ಮಾರುಕಟ್ಟೆಯಲ್ಲಿ ಮಟನ್ ಕೊಳ್ಳುತ್ತಿದ್ದೆ! ಮೂರನೆಯ ಸಲ ನಮ್ಮ ವಕೀಲ ರೇಗಿದ. "ಸರ್, ಇವೆಲ್ಲ ಸಾಕು, ಜಡ್ಜ್ ನಂಬಲ್ಲ. ಸ್ವಲ್ಪ ಗಟ್ಟಿ ಕಾರಣ ಕೊಡಿ."

ಕೊಟ್ಟೆ. ಥೂ! ಹಲ್ಲುನೋವಿಗೆ ಡಾಕ್ಟರ ಚೀಟಿ ಕೇಳುವವರು, ತಾಯಿ ಹೋದಳು ಅಂದರೆ ಸುಮ್ಮನೆ ತಲೆ ತಗ್ಗಿಸುತ್ತಾರೆ. ನನಗೆ ಬೇಕಿದ್ದದ್ದೂ ಅದೇ.

ಕೋರ್ಟಿನಲ್ಲಿ ಅದನ್ನು ಕೇಳಿಸಿಕೊಂಡ ನೀವು ಮರುದಿನ ಹಲಸೂರಿನ ನಮ್ಮ ಮನೆಗೆ ಬಂದಿರಿ, ಕೈಯಲ್ಲಿ ಸೇವಂತಿಗೆ ಹಾರ. ಸಾವಿನ ಮನೆಗೆ ಹಗೆಯವರೂ ಹೋಗುತ್ತಾರೆ — ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಅದೊಂದು ನನಗೆ ಹೊಳೆದೇ ಇರಲಿಲ್ಲ. ಬಾಗಿಲು ತೆಗೆದವಳು ಅಮ್ಮ.

"ಯಾರಮ್ಮ ನೀನು? ಬಾ ಒಳಕ್ಕೆ, ಕಾಫಿ ಕುಡ್ದು ಹೋಗೋವಂತೆ."

ನೀವು ಅವಳನ್ನು ನೋಡಿದಿರಿ, ಆಮೇಲೆ ಹಿಂದೆ ನಿಂತ ನನ್ನನ್ನು. "ದೇವರ ಪಟಕ್ಕೆ ಅಂತ ತಂದೆ ಅಮ್ಮ," ಎಂದು ಹಾರವನ್ನು ಅವಳ ಕೈಗಿಟ್ಟಿರಿ. ಗೇಟಿನ ಹತ್ತಿರ ನನಗೆ ಮಾತ್ರ ಕೇಳುವಂತೆ ಅಂದಿರಿ: "ಮುಂದಿನ ಸಲ ಯಾರನ್ನ ಸಾಯಿಸ್ತೀರಾ ಸರ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು — ನಿಮ್ಮ ಮೇಲೆಯೇ ಹರಿಹಾಯ್ದೆ. ಮನೆ ತನಕ ಬಂದು ಹೆದರಿಸುತ್ತೀರಾ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ನೀವು ಕೋರ್ಟಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮುದುಕಿ ನೊಂದುಕೊಳ್ಳುತ್ತಾಳೆ ಎಂದೋ ಏನೋ... ಆ ಮೌನವನ್ನೂ ಬಿಡದೆ ಬಳಸಿಕೊಂಡು ಇನ್ನೂ ಎರಡು ವರ್ಷ ವಾಯಿದೆ ಎಳೆದೆ. ನನ್ನನ್ನು ನೆನೆದರೆ ನನಗೇ ಮೈ ಉರಿಯುತ್ತದೆ.

ಇವತ್ತು ಅಮ್ಮ ಮತ್ತೆ ಕೇಳಿದಳು. "ಆ ಹೂವು ತಂದ ಹುಡುಗಿ ಆಮೇಲೆ ಬರ್ಲೇ ಇಲ್ವಲ್ಲೋ?" ಆಗಲೇ ವಕೀಲನ ಫೋನು — ನಾಳೆಗೆ ಏನು ಕಾರಣ ಕೊಡೋಣ ಎಂದು. ಕಾರಣವಿಲ್ಲ, ಬರುತ್ತೇನೆ ಅಂದೆ. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. "ನಾಳೆ ನಾನೂ ಬರ್ತೀನಿ," ಅಂದಳು, ಅಷ್ಟೆ.

ಕಟಕಟೆ ಹತ್ತಿ ಮೊದಲು ಥಾನುಗಳ ವಿಷಯ ಹೇಳುತ್ತೇನೆ. ಆಮೇಲೆ ನನ್ನ ತಾಯಿ ಸತ್ತಿರಲಿಲ್ಲ ಎಂದು. ಪುರಾವೆ ಕೇಳಿದರೆ — ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ.