ಕುಕ್ಕಪ್ಪ ಗೌಡರು ಹೊಟೇಲು ಆರಿಸಿದ್ದು

ಬೆಳ್ಳಾರೆಯ ಆಸುಪಾಸಿನಲ್ಲಿ ಯಾರಿಗೆ ಉಳುವ ಕೋಣ ಬೇಕಾದರೂ ಮೊದಲು ಕುಕ್ಕಪ್ಪ ಗೌಡರನ್ನು ಕರೆದುಕೊಂಡು ಹೋಗುತ್ತಿದ್ದರು. ಬೇರೆಯವರು ಕೋಣದ ಬಾಯಿ ಬಿಡಿಸಿ ಹಲ್ಲು ನೋಡಿ ಮಾತು ಮುಗಿಸಿದರೆ, ಗೌಡರು ಮೊದಲು ಅದರ ಹಿಂದೆ ಹೋಗಿ ನಿಲ್ಲುತ್ತಿದ್ದರು. "ಎದುರಿನಿಂದ ಎಲ್ಲ ಕೋಣವೂ ಒಳ್ಳೆದೇ. ಮಾರುವವ ಎಣ್ಣೆ ಉಜ್ಜಿ ನಿಲ್ಲಿಸಿರ್ತಾನೆ. ಸತ್ಯ ಗೊತ್ತಾಗುದು ಹಿಂದಿನಿಂದ" ಎನ್ನುವುದು ಅವರ ಮಾತು. ಸೆಗಣಿಯನ್ನು ಕಡ್ಡಿಯಿಂದ ಕೆದಕಿ, ಅದು ಏನು ತಿಂದಿದೆ, ತಿಂದದ್ದು ಮೈಗೆ ಹಿಡಿದಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದರು. ಹಲ್ಲು ನೋಡುವುದು ಎಲ್ಲಕ್ಕಿಂತ ಕೊನೆಗೆ. ಇದಕ್ಕೆಲ್ಲ ಹೊತ್ತು ಬೇಕಲ್ಲ? ಕುಂಬ್ರಕ್ಕೆ ಒಂದು ಜೋಡಿ ಕೋಣ ನೋಡಲು ಹೋದವರು ಮೂರನೆಯ ದಿನ ಮನೆಗೆ ಬಂದದ್ದೂ ಉಂಟು.

ಅವರ ಹೆಂಡತಿ ದೇವಮ್ಮ ಇದಕ್ಕೆ ತೀರ ತದ್ವಿರುದ್ಧ. ಸೀರೆಯಂಗಡಿಗೆ ಹೋದರೆ ಮೊದಲು ಬಿಚ್ಚಿದ ಸೀರೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಡುವವರು. ಈ ಕತೆಯನ್ನು ನನಗೆ ಹೇಳಿದ್ದು ಅವರೇ. ಹೇಳುವಾಗ ನಡುವೆ ನಡುವೆ ನಗು ಉಕ್ಕಿ ಮಾತು ನಿಂತು, ಸೆರಗಿನಿಂದ ಕಣ್ಣೊರಸಿ ಮತ್ತೆ ಶುರು ಮಾಡುತ್ತಿದ್ದರು.

೧೯೬೧ರ ಮಳೆಗಾಲದಲ್ಲಿ ಅವರ ಎಮ್ಮೆ ಒಂದು ಬಡಕಲು ಕರು ಹಾಕಿತು. ಗೌಡರು ಒಮ್ಮೆ ನೋಡಿ, "ಇದು ಉಳಿಯುದಿಲ್ಲ" ಎಂದರು.

"ಉಳಿದ್ರೆ?" ಎಂದರು ದೇವಮ್ಮ.

"ಉಳಿದ್ರೆ ನಿನ್ನನ್ನು ಪುತ್ತೂರಿಗೆ ಕರ್ಕೊಂಡು ಹೋಗಿ, ಹೊಟೇಲಿನಲ್ಲಿ ಉಣ್ಣಿಸಿ, ಡೇರೆಯ ಆಟ ತೋರಿಸ್ತೇನೆ."

ದೇವಮ್ಮ ಅದಕ್ಕೆ ಗಂಜಿ ತಿಳಿ ಕುಡಿಸಿ, ಒಲೆಯ ಪಕ್ಕ ಗೋಣಿ ಹಾಸಿ ಮಲಗಿಸಿ ಸಾಕಿದರು. ದೀಪಾವಳಿಗೆ ಅದು ಅಂಗಳವೆಲ್ಲ ಕುಣಿದು, ಗೌಡರ ಮೊಣಕಾಲಿಗೇ ಒಂದು ಒದೆ ಕೊಟ್ಟಿತು. ಇನ್ನು ಮಾತು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಕೊಯ್ಲು ಮುಗಿದು, ಪುತ್ತೂರಿನ ಗದ್ದೆಯೊಂದರಲ್ಲಿ ಯಕ್ಷಗಾನ ಮೇಳದ ಡೇರೆ ಎದ್ದಿತ್ತು. ಮನೆ, ಮಕ್ಕಳು, ಹಟ್ಟಿಯ ಎಮ್ಮೆ-ಕರು ನೋಡಿಕೊಳ್ಳಲು ದೇವಮ್ಮನ ತಂಗಿ ಸೇವಂತಿ ಬಂದಳು. ಅವಳು ಒಮ್ಮೆ ಗಂಡನ ಜೊತೆ ಮಂಗಳೂರಿಗೆ ಹೋಗಿ ಮಸಾಲೆದೋಸೆ ತಿಂದವಳು. "ಅಕ್ಕ, ಅದು ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ ಉಂಟು. ಮೇಲೆ ಕರೆಂಟಿನ ಫ್ಯಾನು ತಿರುಗ್ತಾ ಇರ್ತದೆ" ಎಂದು ಅವಳು ಹೇಳಿದ್ದೇ, ದೇವಮ್ಮನಿಗೆ ಹೊರಡುವ ಹಿಂದಿನ ರಾತ್ರಿ ನಿದ್ದೆ ಹತ್ತಲಿಲ್ಲ. ಮದುವೆಯಾಗಿ ಹದಿನೇಳು ವರ್ಷವಾಗಿತ್ತು, ಹೊಟೇಲಿನ ಹೊಸ್ತಿಲು ತುಳಿದವರಲ್ಲ.

ಸಂಜೆ ಐದಕ್ಕೆ ಪುತ್ತೂರಿನಲ್ಲಿ ಬಸ್ಸಿಳಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಹೈದರ್ ಎಂಬವನ ಸೋಡಾ ಅಂಗಡಿ. ಅವನು ಮೂಲತಃ ಬೆಳ್ಳಾರೆಯವನು, ಗುರುತಿನವನು. ಗೌಡರು ಅಲ್ಲಿಯ ಬೆಂಚಿನ ಮೇಲೆ ಹೆಂಡತಿಯನ್ನು ಕುಳ್ಳಿರಿಸಿ, "ನೀನು ಇಲ್ಲಿ ಕೂತ್ಕೊ. ನಾನು ಹೊಟೇಲು ನೋಡಿಕೊಂಡು ಬರ್ತೇನೆ" ಎಂದು ಹೊರಟರು.

"ನೋಡುದೆಂತ? ಹೋಗಿ ಕೂತುಕೊಳ್ಳುದಲ್ವಾ?"

"ಕಣ್ಣು ಮುಚ್ಚಿ ಹೋಗಿ ಕೂತುಕೊಳ್ಳುದಾ? ಒಳ್ಳೆ ಕತೆ."

ಹೈದರ್ ಒಂದು ಗೋಲಿ ಸೋಡಾ ಒಡೆದು ಕೊಟ್ಟ. ದೇವಮ್ಮ ಕುಡಿದರು. ಗಾಳಿಯೆಲ್ಲ ಮೂಗಿನಿಂದ ಬಂದು ಕಣ್ಣಲ್ಲಿ ನೀರು ಬಂತು. ನಗು ಬಂತು. ಇನ್ನೊಂದು ಕುಡಿದರು.

ಅರ್ಧ ಗಂಟೆಯ ಮೇಲೆ ಗೌಡರು ಬಂದರು. "ಎದುರಿನ ಹೊಟೇಲು ಬೇಡ. ಹಿಂದೆ ಹೋಗಿ ಬಿಸಾಡಿದ ಎಲೆ ನೋಡಿದೆ. ಅನ್ನ ಹಾಗೇ ಉಂಟು. ಒಂದು ದನ ಮೂಸಿ ಬಿಟ್ಟು ಹೋಯ್ತು."

ಮತ್ತೆ ಹೋದರು. ಮತ್ತೆ ಬಂದರು. "ಆಚೆ ಬೀದಿಯದ್ದರಲ್ಲಿ ಪಲ್ಯ ಪೂರಾ ಖಾಲಿ ಮಾಡಿದ್ದಾರೆ, ಸಾಂಬಾರು ಬಿಟ್ಟಿದ್ದಾರೆ. ಬರೀ ಪಲ್ಯ ತಿನ್ಲಿಕ್ಕೆ ಬೆಳ್ಳಾರೆಯಿಂದ ಬರ್ಬೇಕಾ?"

"ಮಾರಾಯ್ರೆ, ನಾವು ಹೊಟೇಲನ್ನು ಮನೆಗೆ ಹೊಡ್ಕೊಂಡು ಹೋಗುದಾ? ಒಂದು ಹೊತ್ತು ಉಣ್ಣುದು!" ಎಂದರು ದೇವಮ್ಮ. ಹೈದರ್ ಕೈಯಲ್ಲಿದ್ದ ಸೋಡಾ ಬಾಟಲಿ ಕೆಳಗಿಟ್ಟು ನಕ್ಕ. ಗೌಡರು ಅದನ್ನು ಕಿವಿಗೆ ಹಾಕಿಕೊಳ್ಳದೆ ಮೂರನೆಯ ಸಲ ಹೊರಟರು.

ಈ ಸಲ ಹೋದದ್ದು ಒಂದು ಓಣಿಯೊಳಗಿದ್ದ ಮಹಾಗಣಪತಿ ಭಟ್ಟರ ಹೊಟೇಲಿಗೆ. ಅಷ್ಟರಲ್ಲಿ ಕತ್ತಲಾಗಿತ್ತು. ಹಿತ್ತಿಲಿನಲ್ಲಿ ಗೌಡರು ಬೆಂಕಿಕಡ್ಡಿ ಗೀರಿ ನೋಡಿದರೆ, ರಾಶಿ ಬಿದ್ದ ಎಲೆಗಳೆಲ್ಲ ಈಗಷ್ಟೇ ತೋಟದಿಂದ ಕೊಯ್ದು ತಂದಂತೆ ಖಾಲಿ. ಒಂದು ಅಗಳೂ ಇಲ್ಲ. ಪಕ್ಕದಲ್ಲಿ ಎಲುಬು ಎದ್ದ ದನವೊಂದು ಬೇಸರದಿಂದ ನಿಂತಿತ್ತು. ಗೌಡರಿಗೆ ಎಲ್ಲಿಲ್ಲದ ಖುಷಿಯಾಯಿತು. ಇದೇ! ಇನ್ನೂ ಖಾತ್ರಿಗೆಂದು ಒಂದು ಎಲೆಯನ್ನೆತ್ತಿ ಅಡಿಗೆಮನೆಯ ಬೆಳಕಿಗೆ ಹಿಡಿದರು.

ಆಗಲೇ ಭಟ್ಟರು ಬಾಗಿಲಿಗೆ ಬಂದದ್ದು.

"ಅಯ್ಯೋ ದೇವರೆ! ಅದನ್ನು ಕೆಳಗೆ ಹಾಕು ಮಾರಾಯ!" ಎಂದು ಅವರು ಕೂಗಿಕೊಂಡರು. "ಎಂಜಲೆಲೆ ಹುಡುಕುವ ಗತಿ ಯಾಕೆ ಬಂತು ನಿನಗೆ?"

"ಅಲ್ಲ ಭಟ್ರೆ, ನಾನು ಸುಮ್ಮನೆ ನೋಡುದು..."

"ನಾಚಿಕೆ ಬೇಡ. ಹಸಿವಿಗೆ ಎಂತ ನಾಚಿಕೆ? ಊಟ ಮಾಡದೆ ಎಷ್ಟು ದಿನ ಆಯ್ತು?"

"ಮಧ್ಯಾಹ್ನ ಉಂಡಿದ್ದೇನೆ ಭಟ್ರೆ."

"ಮಾನ ಇರುವವರು ಹಾಗೇ ಹೇಳುದು" ಎಂದು ಭಟ್ಟರು ಕಣ್ಣೊರಸಿಕೊಂಡರು. "ಕೈ ತೊಳ್ಕೊಂಡು ಇಲ್ಲಿ ಕೂತ್ಕೊ."

ಗೌಡರು ಹೊರಟು ಹೋಗಬಹುದಿತ್ತು. ಆದರೆ ಒಳಗಿನಿಂದ ಹುಳಿ, ಸಿಹಿ, ಖಾರ ಬೆರೆತ ಮೆಣಸ್ಕಾಯಿ ಗೊಜ್ಜಿನ ಪರಿಮಳ ಬರುತ್ತಿತ್ತು. ತಮ್ಮ ಅಂದಾಜು ಸರಿಯೋ ತಪ್ಪೋ ಎಂದು ತಿಳಿಯುವ ಆಸೆ ಬೇರೆ. ಹಿಂದಿನ ಜಗಲಿಯಲ್ಲಿ ಕುಳಿತರು. ಭಟ್ಟರು ಸ್ವತಃ ಎಲೆ ಹಾಕಿ ಬಡಿಸಿದರು. ಮೊದಲ ತುತ್ತಿಗೇ ಗೌಡರು ಆಟ ಮರೆತರು, ಬೆಂಚಿನ ಮೇಲೆ ಕುಳಿತ ಹೆಂಡತಿಯನ್ನೂ ಮರೆತರು.

ಇತ್ತ ದೇವಮ್ಮ ಮೂರನೆಯ ಸೋಡಾ ಮುಗಿಸಿದ್ದರು. ಡೇರೆಯ ಕಡೆಯಿಂದ ಚೆಂಡೆ ಕೇಳಿಸತೊಡಗಿತು. "ಹೈದರಣ್ಣ, ಇಲ್ಲಿ ಒಳ್ಳೆ ಹೊಟೇಲು ಯಾವುದು?"

"ನಾನು ಉಣ್ಣುದು ಮನೆಯಲ್ಲಿ ಅಕ್ಕ. ಆದ್ರೆ ಹೊಟ್ಟೆ ಬಿರಿಯ ಉಂಡು ಸೋಡಾಕ್ಕೆ ಓಡಿ ಬರುವವರೆಲ್ಲ ಭಟ್ರ ಹೊಟೇಲಿನವರೇ."

"ಹಾಗಾದ್ರೆ ಅದೇ. ಇವರು ಬಂದ್ರೆ ಅಲ್ಲಿಗೇ ಕಳಿಸಿ" ಎಂದು ದೇವಮ್ಮ ಎದ್ದರು. ಓಣಿ ಹೊಕ್ಕು, ಸೆರಗು ಹೊದ್ದು ಸೀದಾ ಒಳಗೆ ನಡೆದರು. ಬಡಿಸುವವನು ಹೆಂಗಸರಿಗೆಂದು ಪರದೆ ಕಟ್ಟಿದ ಕೋಣೆ ತೋರಿಸಿದ. ಅಲ್ಲಿ ಫ್ಯಾನು ಇತ್ತು. ದೇವಮ್ಮ ಅದರ ನೆಟ್ಟಗೆ ಕೆಳಗೆ ಕುಳಿತರು. ದೋಸೆ ಬಂದಾಗ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೊಣಕೈ ಪಕ್ಕದಲ್ಲಿಟ್ಟು ಅಳತೆ ನೋಡಿದರು. ಎರಡು ಬೆರಳು ಹೆಚ್ಚೇ ಇತ್ತು. ಮುರಿದರೆ ಕರುಕರು ಸದ್ದು, ಒಳಗೆ ಬಟಾಟೆಯ ಹಬೆ. ಫ್ಯಾನಿನ ಗಾಳಿಗೆ ಸೆರಗು ಹಾರಿ ಚಟ್ನಿಗೆ ಬಿತ್ತು. ಒಬ್ಬರೇ ಕುಳಿತು ಬಾಯಿ ಮುಚ್ಚಿಕೊಂಡು ನಕ್ಕರು.

ಆಗ ಗೋಡೆಯ ಆಚೆಯಿಂದ ಒಂದು ಗುರುತಿನ ದನಿ ಕೇಳಿಸಿತು. "ಇನ್ನೊಂದು ಚೂರು ಮೆಣಸ್ಕಾಯಿ ಹಾಕಿ ಭಟ್ರೆ."

"ಉಣ್ಣು, ಪಾಪ, ಉಣ್ಣು" ಎಂದಿತು ಇನ್ನೊಂದು ದನಿ.

ಕೈ ತೊಳೆಯುವ ಜಾಗ ಹಿತ್ತಿಲಿನಲ್ಲಿ. ದೇವಮ್ಮ ಅಲ್ಲಿಗೆ ಬಂದು ನೋಡಿದರೆ, ಜಗಲಿಯಲ್ಲಿ ತಮ್ಮ ಗಂಡ! ಆಟಕ್ಕೆಂದು ಹೊದ್ದ ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ಎಲೆಯಿಂದ ಪಾಯಸ ಬಳಿಯುತ್ತಿದ್ದಾರೆ.

"ನೀವು ಎಂತ ಮಾಡುದು ಇಲ್ಲಿ?"

ಗೌಡರ ಕೈ ಅರ್ಧದಲ್ಲಿ ನಿಂತಿತು. ಭಟ್ಟರು ಸೌಟು ಹಿಡಿದುಕೊಂಡೇ ಅಡ್ಡ ಬಂದರು. "ಮೆಲ್ಲ ಮಾತಾಡಿ ತಂಗಿ. ಪಾಪ, ಎಷ್ಟೋ ದಿನದಿಂದ ಊಟ ಇಲ್ಲದ ಮನುಷ್ಯ."

"ಊಟ ಇಲ್ಲದ್ದಾ? ಮಧ್ಯಾಹ್ನ ನಾನೇ ಹನ್ನೊಂದು ಕಡುಬು ಬಡಿಸಿದ್ದೇನೆ ಇವರಿಗೆ!"

ಭಟ್ಟರು ಒಮ್ಮೆ ಅವರನ್ನು ನೋಡಿದರು, ಒಮ್ಮೆ ಇವರನ್ನು. ಗೌಡರು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು: ಕೋಣ ನೋಡುವ ಕಸುಬು, ಮೊದಲ ಹೊಟೇಲಿನ ಎಲೆ, ಎರಡನೆಯದ್ದರ ಎಲೆ, ಇಲ್ಲಿಯ ಬಡಕಲು ದನ. ಕೇಳುತ್ತ ಕೇಳುತ್ತ ಭಟ್ಟರ ಹೊಟ್ಟೆ ಅಲುಗತೊಡಗಿತು. ಕೊನೆಗೆ ಸೌಟು ಕೈತಪ್ಪಿ ಬಿತ್ತು.

"ಹಾಗಾದ್ರೆ ಗೌಡ್ರೆ, ನನ್ನ ಹೊಟೇಲು ಪಾಸಾ?"

"ಹಲ್ಲು ನೋಡುದೊಂದು ಬಾಕಿ" ಎಂದರು ಗೌಡರು. ದೇವಮ್ಮ ನಗುತ್ತ ನಗುತ್ತ ಅಲ್ಲಿಯೇ ಕಂಬ ಹಿಡಿದು ಕುಳಿತುಬಿಟ್ಟರು.

ದೋಸೆಯ ದುಡ್ಡು ತೆಗೆದುಕೊಂಡ ಭಟ್ಟರು ಗೌಡರ ಊಟದ್ದು ಮುಟ್ಟಲಿಲ್ಲ. "ಹಸಿದವನಿಗೆ ಅಂತ ಬಡಿಸಿದ್ದು. ಅದಕ್ಕೆ ಹಣ ತೆಗೊಂಡ್ರೆ ನನಗೆ ಒಳ್ಳೆದಲ್ಲ" ಎಂದರು. ಓಣಿಯುದ್ದಕ್ಕೂ ಇಬ್ಬರೂ ನಗುತ್ತಲೇ ನಡೆದರು. ಬೀಳಬಾರದೆಂದು ದೇವಮ್ಮ ಗಂಡನ ಕೈ ಹಿಡಿದುಕೊಂಡರು. ಪೇಟೆಯ ನಡುವೆ ಹಾಗೆ ಹಿಡಿದದ್ದು ಅದೇ ಮೊದಲು. ಗೌಡರು ಬಿಡಿಸಿಕೊಳ್ಳಲಿಲ್ಲ.

ಡೇರೆಯೊಳಗೆ ರಾಜ ಹೆಂಡತಿಯನ್ನು ಕಳೆದುಕೊಂಡು ಗೋಳಾಡುವ ಹೊತ್ತಿಗೆ ಗೌಡರಿಗೆ ಪಾಯಸದ ಅಮಲೇರಿ ನಿದ್ದೆ ಬಂದಾಗಿತ್ತು. ದೇವಮ್ಮ ಮಾತ್ರ ಬೆಳಗಿನ ತನಕ ರೆಪ್ಪೆ ಮುಚ್ಚದೆ ನೋಡಿದರು.

ಮರುದಿನದ ಮೊದಲ ಬಸ್ಸಿನಲ್ಲಿ ಗೌಡರು, "ಕಡೆಗೆ ಆ ರಾಜನಿಗೆ ಎಂತ ಆಯ್ತು?" ಎಂದು ಕೇಳಿದರು. ದೇವಮ್ಮ ಮೊದಲಿನಿಂದ ಶುರು ಮಾಡಿದರು, ಪದ ಹಾಡಿ, ರಾಕ್ಷಸನ ದನಿ ತೆಗೆದು. ಹಿಂದಿನ ಸೀಟಿನವರು ಮುಂದೆ ಬಾಗಿದರು. ಕುಂಬ್ರದಲ್ಲಿ ಇಳಿಯಬೇಕಾದ ಇಬ್ಬರು ಬಾಗಿಲಲ್ಲೇ ನಿಂತರು. ಕಂಡಕ್ಟರ್ ಸೀಟಿ ಬಾಯಿಗಿಟ್ಟವನು ಊದಲಿಲ್ಲ.

"ಯುದ್ಧ ಒಂದು ಮುಗೀಲಿ ಅಕ್ಕ," ಎಂದ ಅವನು, "ಮತ್ತೆ ಹೋಗುವ."