ಅಮ್ಮ ಕಾಲಿಡಬಾರದಿದ್ದ ಎಲೆತೋಟ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಏಳನೇ ಕ್ಲಾಸಿಗೆ. ಇಂದಿಗೂ ಒದ್ದೆ ಗೋಣಿಯಲ್ಲಿ ಸುತ್ತಿದ ವೀಳ್ಯದೆಲೆಯ ಖಾರದ ವಾಸನೆ ಮೂಗಿಗೆ ಬಡಿದರೆ ಆಗಿನ ಅಮ್ಮ ಕಣ್ಣಮುಂದೆ ಬರುತ್ತಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಹೊರಗೆ ನಿಂತವಳು. ಉಡುಪಿ ಕಡೆಯಿಂದ ಬಂದು ಮದರಾಸಿನ ಹೋಟೆಲಿನಲ್ಲಿ ದುಡಿದ ಅಪ್ಪ, ತಾಂಬರಂ ದಾಟಿದ ಮೇಲಿನ ಹಳ್ಳಿಯೊಂದರಲ್ಲಿ ವೀಳ್ಯದೆಲೆ ತೋಟ ಗೇಣಿಗೆ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ನಡೆಸುವುದು ಅಮ್ಮನ ಪಾಲಿಗೆ ಬಂತು. ಆದರೆ ಹೆಂಗಸು ಒಳಗೆ ಕಾಲಿಟ್ಟರೆ ಬಳ್ಳಿ ಬಾಡುತ್ತದೆ ಎಂಬುದು ಆ ಊರಿನ ಕಟ್ಟುಪಾಡು. ಅದಕ್ಕೇ ನಾನು ಶಾಲೆ ಬಿಟ್ಟೆ. “ಮಾಣಿ, ಮೂಲೆಯ ಸಾಲಿನ ಬುಡ ಮುಟ್ಟಿ ನೋಡು, ಮೆತ್ತಗಾಯ್ತಾ?” ಎಂದು ಅವಳು ಹೊರಗಿನಿಂದ ಕೇಳುವಳು, ನಾನು ಮುಟ್ಟಿ ಹೇಳುವೆ. ಬಳ್ಳಿ ಹಬ್ಬಿದ ಅಗಸೆ ಮರಗಳ ತೆಳು ನೆರಳು, ಕಾಲಿಗೆ ತಣ್ಣಗೆ ತಾಗುವ ಮಣ್ಣು, ಇವೆಲ್ಲ ನನಗೆ ಸಿಕ್ಕವು. ತೋಟ ನಡೆಸುವವಳಿಗೆ ಸಿಕ್ಕಿದ್ದು ಬೇಲಿಯ ಸಂದಿ ಮಾತ್ರ.

ಒಂದು ವರ್ಷ ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಆಸುಪಾಸಿಗೆ, ಮಳೆ ಬಿಡದೆ ಹೊಡೆಯಿತು. ಬಳ್ಳಿಯ ಬುಡದಲ್ಲೆಲ್ಲ ನೀರು ನಿಂತಿತು. ಅದನ್ನು ಹೊರಗೆ ಹರಿಸದಿದ್ದರೆ ಬೇರು ಕೊಳೆತು ತೋಟವೇ ಹೋಗುತ್ತಿತ್ತು. ನಾನು ಜ್ವರದಲ್ಲಿ ಜಗಲಿಯ ಮೇಲೆ ಮಲಗಿದ್ದೆ. ಕೆಲಸದ ಕಣ್ಣಪ್ಪ ಮಳೆ ನಿಲ್ಲಲಿ ಎಂದು ಬೀಡಿ ಸೇದುತ್ತ ಕೂತಿದ್ದ. ಅಮ್ಮ ಗುದ್ದಲಿ ಎತ್ತಿಕೊಂಡದ್ದೇ ಅವನು ಎದ್ದು, “ಅಮ್ಮಾ, ಉಳ್ಳ ವರಾದೀಂಗ, ಕೊಡಿ ವಾಡಿಡುಂ!” ಬಳ್ಳಿ ಬಾಡೀತು, ಒಳಗೆ ಬರಬೇಡಿ ಎಂದು ಅಡ್ಡ ನಿಂತ.

“ನಿನ್ನ ಬೀಡಿ ಹೊಗೆಗೆ ಬಾಡದ್ದು ನನ್ನ ಕಾಲಿಗೆ ಬಾಡ್ತದಾ? ಆಚೆ ಸರಿ ಮಾರಾಯ!”

ಸಂಜೆಯವರೆಗೆ ಒಬ್ಬಳೇ ಕಾಲುವೆ ಕಡಿದಳು. ನೀರು ಇಳಿಯಿತು, ನಮ್ಮ ಬಳ್ಳಿ ಉಳಿಯಿತು. ಸುತ್ತಲಿನ ತೋಟಗಳು ಕೊಳೆತವು. ಉಳಿದದ್ದೇ ನಮಗೆ ಮುಳುವಾಯಿತು. ಗಂಡ ಸತ್ತವಳು ಕಟ್ಟುಪಾಡು ಮುರಿದದ್ದರಿಂದಲೇ ತಮ್ಮ ಬಳ್ಳಿಗಳು ಹೋದವು ಎಂದು ಊರವರು ಭೂಮಾಲೀಕನ ಬಳಿ ದೂರಿದರು. ಅವನು ಬಂದು, ತೋಟ ಬಿಟ್ಟುಕೊಡಿ ಎಂದ. “ನನ್ನ ತೋಟದಲ್ಲಿ ಬಾಡಿದ ಬಳ್ಳಿ ಒಂದು ತೋರಿಸಿ, ಈಗಲೇ ಹೋಗ್ತೇನೆ” ಎಂದಳು ಅಮ್ಮ. ಅವನು ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಆ ಸಲದ ಎಲೆ ಕಿತ್ತವನು ಅವನ ಭಾವಮೈದುನ.

ತೋಟ ಬಿಟ್ಟು ನಾವು ಮದರಾಸಿಗೆ ಬಂದು ಹೋಟೆಲೊಂದರ ಪಕ್ಕದಲ್ಲಿ ಬೀಡಾ ಅಂಗಡಿ ಇಟ್ಟೆವು. ಅಮ್ಮ ಕೊನೆಯವರೆಗೂ ಪ್ರತಿ ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಜೋಡಿಸುತ್ತಿದ್ದಳು. ನಿಮ್ಮ ಮನೆಗಳಲ್ಲೂ ಇಂಥವರೊಬ್ಬರು ಇದ್ದಿರಬಹುದು. ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆಯಾಗಲಿಲ್ಲ. ಈಗ ನನಗೆ ಕ್ರೋಂಪೇಟೆಯಲ್ಲಿ ಒಂದು ಮನೆ, ಎರಡು ಅಂಗಡಿ, ಮೂವರು ಮಕ್ಕಳು. ಎಲೆ ಕೋಯಂಬೇಡಿನ ಸಗಟು ಮಾರುಕಟ್ಟೆಯಿಂದ ಬರುತ್ತದೆ. ಬೆಳೆಯುವ ನೆಲ ಒಂದು ಸೆಂಟೂ ಇಲ್ಲ.