ಮೈಕಿನಲ್ಲಿ ಕೂಗಿದ ಹೆಸರು

ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಖಾನಾವಳಿಗೆಂದು ದಿನಾ ನೂರು ಜೋಳದ ರೊಟ್ಟಿ ಬಡಿಯುವ ನೀಲಮ್ಮನನ್ನು ಗಂಡ ಮಲ್ಲೇಶಪ್ಪ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಎರಡು ಸಾವಿರದ ಆರನೇ ಇಸವಿಯ ಒಂದು ಭಾನುವಾರ ಅದೇನು ತೋಚಿತೋ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಾಚೆಯ ವಾಟರ್ ಪಾರ್ಕಿಗೆ ಹೊರಟ. ದಾರಿಯುದ್ದಕ್ಕೂ ಮಾತಿಲ್ಲ, ಇಬ್ಬರಿಗೂ ಮಾತಾಡಿ ಅಭ್ಯಾಸವಿರಲಿಲ್ಲ.

ಜಾರುಬಂಡೆಯ ಜನಜಂಗುಳಿಯಲ್ಲಿ ಅವನು ಕಣ್ಮರೆಯಾದ. ಹುಡುಕಿ ಸಾಕಾಗಿ ಅವಳು ಮೈಕಿನವನ ಬಳಿ ಹೋದಳು.

"ಗಂಡನ ಹೆಸ್ರು ಹೇಳಿ, ಅಮ್ಮ."

ಕಲಬುರಗಿ ಕಡೆಯ ಅವಳ ಮನೆತನದಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ.

"ಹೋಗ್ಲಿ, ನಿಮ್ಮ ಹೆಸ್ರು?"

ಗಾಬರಿಯಲ್ಲಿ ತವರಿನ ಹೆಸರೇ ಬಾಯಿಗೆ ಬಂತು: ಶಕುಂತಲಾ. ಮದುವೆಯ ದಿನ ಅತ್ತೆಮನೆಯವರು ಅದನ್ನು ತೆಗೆದು ನೀಲಮ್ಮ ಎಂದಿಟ್ಟು ಹದಿನಾಲ್ಕು ವರ್ಷವಾಗಿತ್ತು. ತಿದ್ದಿ ಹೇಳಲು ಮನಸ್ಸಾಗಲಿಲ್ಲ. ಶಕುಂತಲಾ ಅವರ ಯಜಮಾನರು ಎಲ್ಲಿದ್ದರೂ ಬರಬೇಕೆಂದು ಮೈಕು ಐದು ಸಲ ಕೂಗಿತು. ಯಾರೂ ಬರಲಿಲ್ಲ.

ಸಂಜೆ ಸ್ಕೂಟರಿನ ಹತ್ತಿರ ಹೋದರೆ ಮಲ್ಲೇಶಪ್ಪ ಶೇಂಗಾ ತಿನ್ನುತ್ತ ನಿಂತಿದ್ದ.

"ಎಲ್ಲಿ ಹೋಗಿದ್ದಿ? ಯಾರೋ ಶಕುಂತಲಾ ಅಂತ, ಮೈಕಿನ್ಯಾಗ ಒಂದೇ ಸವನ ಒದರಲಿಕತ್ತಿದ್ರು. ಆಕಿ ಗಂಡ ಎಂಥಾ ಮನಷ್ಯಾನೋ, ಬರಲೇ ಇಲ್ಲ ನೋಡು. ಪಾಪ."

"ಹೌದ್ರೀ, ಪಾಪ," ಎಂದು ನೀಲಮ್ಮ ಹಿಂದೆ ಹತ್ತಿ ಕುಳಿತಳು.